ಹೊಸ್ತಿಲದಿನ್ನೆ

ಮುದ್ದನಾಳದ ಕರಿಮಣ್ಣಿನ ಎರೆಹೊಲಗಳ ನಡುವೆ ಒಂದು ದಿನ್ನೆಯಿದೆ. ಅದರ ನೆತ್ತಿಯ ಮೇಲೆ ಕರಿಕಲ್ಲಿನ ಹೊಸ್ತಿಲೊಂದನ್ನು ಹುಗಿದಿದ್ದಾರೆ. ಹಿಂದೆ ಮನೆಯಿಲ್ಲ, ಮೇಲೆ ಬಾಗಿಲಿಲ್ಲ, ಹೊಸ್ತಿಲು ಮಾತ್ರ ಇದೆ. ಯಾವುದೋ ಅರಮನೆ ಬಿದ್ದುಹೋಗಿರಬೇಕೆಂದು ಹೊರಗಿನವರು ಊಹಿಸುತ್ತಾರೆ. ಅರಮನೆಯೂ ಇಲ್ಲ, ಮಣ್ಣೂ ಇಲ್ಲ. ಅಲ್ಲಿ ಇದ್ದದ್ದು ಕರಿವೀರಪ್ಪನೆಂಬ ಒಕ್ಕಲಿಗನ ಹಿತ್ತಲು, ಆ ಹಿತ್ತಲಲ್ಲೊಂದು ಹಗೇವು. ನೆಲದೊಳಗೆ ಆಳವಾಗಿ ತೋಡಿ ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಅದೇ ಹಗೇವು. ಒಳಗಿನ ಗಾಳಿ ಕೆಟ್ಟಿರುತ್ತದೆ. ಬಾಯಿ ತೆರೆದು ಒಂದು ದಿನ ಬಿಟ್ಟು, ದೀಪ ಇಳಿಬಿಟ್ಟು ನೋಡಿಯೇ ಇಳಿಯಬೇಕು. ಇದು ಆ ಸೀಮೆಯ ಎಳೆಮಕ್ಕಳಿಗೂ ಗೊತ್ತು, ಮುಂದೆ ಹೇಳುವ ತಾಯಿಗೂ ಗೊತ್ತಿತ್ತು.

ಹಿಂದೆ ಒಮ್ಮೆ ಕರಿವೀರಪ್ಪನ ಒಬ್ಬಳೇ ಮಗಳು ನೀಲವ್ವನ ಮದುವೆಯಾಗಿ, ಎರಡು ತಿಂಗಳಲ್ಲೇ ಆಷಾಢ ಬಂತು. ರೂಢಿಯಂತೆ ಹುಡುಗಿ ತವರಿಗೆ ಬಂದಳು. ಆ ತಿಂಗಳು ಅಳಿಯ ಅತ್ತೆಮನೆಯ ಹೊಸ್ತಿಲು ತುಳಿದರೆ ಅತ್ತೆಯ ಜೀವಕ್ಕೆ ಕೇಡೆಂದು ನಂಬಿಕೆ. ಅಳಿಯ ಮನೆಯ ಹತ್ತಿರವೂ ಸುಳಿಯಕೂಡದೆಂದು ಕರಿವೀರಪ್ಪ ಕಟ್ಟಪ್ಪಣೆ ಮಾಡಿದ್ದ. ಅಳಿಯ ಸೋಮಲಿಂಗ ಎತ್ತುಗಳ ಮೇಲೆ ಹೇರು ಹೊರಿಸಿಕೊಂಡು ಘಟ್ಟದ ಕೆಳಗೆ ವ್ಯಾಪಾರಕ್ಕೆ ಹೋಗುವವನು. ಆ ವರ್ಷ ತಂಡ ಆಷಾಢದಲ್ಲೇ ಹೊರಟಿತು. ಹೋದರೆ ದೀಪಾವಳಿಗೇ ಬರುವುದು. ಹೋಗುವ ಮುನ್ನ ಹೆಂಡತಿಯ ಮುಖ ಒಮ್ಮೆ ನೋಡಬೇಕೆಂದು ಅವನು ಮಾವ ಹೊಲಕ್ಕೆ ಹೋದ ಹೊತ್ತು ನೋಡಿಕೊಂಡು ಹಿತ್ತಲಿಗೆ ಬಂದು ನಿಂತ. ನೀಲವ್ವ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಅತ್ತೆ ಬಾಳವ್ವ ಪಕ್ಕದ ಮನೆಯವಳನ್ನು ಓಡಿಸಿ ಮಗಳಿಗೆ ಹೇಳಿಕಳಿಸಿದಳು. ಅಷ್ಟರಲ್ಲಿ ಜಿಟಿಜಿಟಿ ಮಳೆ ಹಿಡಿದು, ಕರಿವೀರಪ್ಪ ಎತ್ತು ಹೊಡೆದುಕೊಂಡು ಮನೆಯತ್ತ ಬರುವುದು ಕಂಡಿತು.

ಒಳಗೆ ಬಚ್ಚಿಟ್ಟುಕೊಳ್ಳೆಂದರೆ ಅಳಿಯ ಒಪ್ಪಲಿಲ್ಲ. ತನ್ನಿಂದ ಅತ್ತೆಯ ಜೀವಕ್ಕೆ ಕೇಡಾಗಬಾರದಂತೆ. ಎಂಥ ಒಳ್ಳೆಯ ಹುಡುಗ, ಏನು ಮಾಡುವುದು! ಮನೆಖರ್ಚಿಗೆ ಜೋಳ ತೆಗೆಯಲೆಂದು ಹಗೇವಿನ ಬಾಯನ್ನು ಅಂದು ಬೆಳಿಗ್ಗೆಯಷ್ಟೇ ತೆರೆದಿದ್ದರು.

"ಹೊಸ್ತಿಲಾ ದಾಟಿದ್ರ ತಾನ ದೋಷ? ಹಗೇವಿಗೆಲ್ಲೈತಿ ಹೊಸ್ತಿಲಾ? ಇಳೀರಿ, ಒಂದು ಚಣ," ಎಂದಳು ಬಾಳವ್ವ.

ಬೆಳಿಗ್ಗೆಯಿಂದ ಗಾಳಿಯಾಡಿದೆ, ಸಾಕು ಎಂದುಕೊಂಡಳು. ಅಷ್ಟಕ್ಕೇ ಬಿಡಬಾರದೆ? ಮಳೆ ಹನಿ ಹುಡುಗನ ತಲೆಯ ಮೇಲೆ ಬಿದ್ದೀತೆಂದು ಚಪ್ಪಡಿಯನ್ನೂ ಎಳೆದು ಮುಚ್ಚಿದಳು.

ಕರಿವೀರಪ್ಪ ಬಂದವನು ಒಳಗೆ ಹೋಗಲಿಲ್ಲ. ಕೆಸರು ಕಾಲು, ಹೆಂಡತಿ ಸಾರಿಸಿದ ನೆಲ ಕೆಡುತ್ತದೆಂದು ಅದೇ ಚಪ್ಪಡಿಯ ಮೇಲೆ ಕುಳಿತ. ಎರೆಹೊಲ ಹಸಿಯಾದದ್ದು ಹೇಳಿದ, ಬಲಗಡೆಯ ಎತ್ತಿನ ಕುಂಟು ಹೇಳಿದ, ಬಾಳವ್ವ ಒಳಗೆ ಬನ್ನಿರೆಂದು ಮತ್ತೆ ಮತ್ತೆ ಕರೆದರೂ ಏಳಲಿಲ್ಲ. ಆ ಎತ್ತಿನ ಸುದ್ದಿ ನೆನೆದರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಕೊನೆಗೆ ಅವನ ಮನಸ್ಸಿನಲ್ಲಿದ್ದುದು ಬಾಯಿಗೆ ಬಂತು.

"ನಾಳೆ ಸೋಮಲಿಂಗಗ ಬಾ ಅಂತ ಹೇಳಿಕಳಸ್ತೀನಿ. ಹುಡುಗಿ ಬಾಡಿದ ಮಾರಿ ನೋಡಾಕ ಆಗವಲ್ದು. ನಿನಗೇನಾರ ಆದೀತು ಅಂತ ಇಷ್ಟು ದಿನ ಅಂಜಿದ್ದೆ, ಬಾಳವ್ವಾ."

"ಮೊದಲ ಅಲ್ಲಿಂದ ಏಳ್ರೀ," ಎಂದಳು ಅವಳು. "ಅವರು ಕೆಳಗ ಅದಾರ."

ಚಪ್ಪಡಿ ಸರಿಸಿ ಕೂಗಿದರು. ಇಳಿಬಿಟ್ಟ ದೀಪ ಅರ್ಧಕ್ಕೇ ಆರಿತು. ಹಳ್ಳದಿಂದ ಓಡಿಬಂದ ನೀಲವ್ವನ ಸೆರಗನ್ನು ತಂದೆ ಹಿಡಿದ. ಸೆರಗು ಅವನ ಕೈಯಲ್ಲೇ ಹರಿದು ಉಳಿಯಿತು, ಅವಳು ಕೆಳಗೆ ಇಳಿದುಹೋದಳು ಎನ್ನುತ್ತಾರೆ. ಊರವರು ಕೊಕ್ಕೆ ಹಗ್ಗ ತಂದು ಇಬ್ಬರನ್ನೂ ಮೇಲೆತ್ತುವ ಹೊತ್ತಿಗೆ ಮಾಡಲು ಏನೂ ಉಳಿದಿರಲಿಲ್ಲ.

ಅವರನ್ನು ಅಲ್ಲಿಯೇ ಒಟ್ಟಿಗೆ ಹೂಳಿ, ಹಗೇವು ತುಂಬಿಸಿ ಮೇಲೆ ಮಣ್ಣು ಏರಿಸಿದರು. ಕರಿವೀರಪ್ಪ ತನ್ನ ಮನೆಯ ಹೊಸ್ತಿಲನ್ನು ಕಿತ್ತು ತಂದು ಆ ದಿನ್ನೆಯ ಮೇಲೆ ಹಾಕಿದ. ಬಾಳವ್ವ ಅದರ ನಂತರ ಬಹಳ ವರ್ಷ ಗಟ್ಟಿಮುಟ್ಟಾಗಿ ಬದುಕಿದಳು; ದಿನಾ ಸಾವು ಬೇಡುತ್ತಿದ್ದಳಂತೆ.

ಆಷಾಢದಲ್ಲಿ ಹೋದವರು ಈಗಲೂ ನೋಡಬಹುದು. ಮುದ್ದನಾಳದ ಅತ್ತೆಯರು ಹೊಸ ಅಳಿಯನನ್ನು ಆ ದಿನ್ನೆಗೆ ಕರೆತಂದು, ಹೊಸ್ತಿಲಿನ ಆಚೆ ತಾವು ನಿಂತು, "ಒಳಗ ಬರ್ರಿ, ನನಗೇನೂ ಆಗೂದಿಲ್ಲ," ಎಂದು ಕೈಹಿಡಿದು ದಾಟಿಸುತ್ತಾರೆ. ಮಗಳೂ ಗಂಡನೂ ಅಲ್ಲಿ ಕುಳಿತು ಬುತ್ತಿ ಉಣ್ಣುತ್ತಾರೆ. ಆಮೇಲೆ, ತಿಂಗಳು ಮುಗಿಯುವವರೆಗೆ ಮನೆಯ ಕಡೆ ಸುಳಿಯಬೇಡಿರೆಂದು ಹೇಳಿ ಅಳಿಯನನ್ನು ಅಲ್ಲಿಂದಲೇ ಅವನ ಊರಿಗೆ ಕಳಿಸಿಬಿಡುತ್ತಾರೆ.