ಗಾಯವಾಗದ ಮಾಂತ್ರಿಕೆ

"ಬುದ್ಧಿ, ಯಾರ ಕೈಯನ್ನೂ ಹಿಡಿಯಬೇಕಾಗಿಲ್ಲದಂಥ ಶಕ್ತಿ ಮನುಷ್ಯನಿಗೆ ಯಾವಾಗ ಬರುತ್ತದೆ?"

ಹೀಗೆ ಕೇಳಿದವನು ಗುರುಶಾಂತ, ಮಠದಲ್ಲಿದ್ದು ಓದುತ್ತಿದ್ದ ಶಿಷ್ಯ. ಹಿಂದಿನ ವಾರ ಅವನಿಗೆ ಕಡು ಜ್ವರ ಬಂದಿತ್ತು. ಜೊತೆಯವರು ಗಂಜಿ ಕುಡಿಸಿದ್ದರು, ಬಟ್ಟೆ ಒಗೆದು ಹಾಕಿದ್ದರು, ತೋಳು ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿದ್ದರು. ಜ್ವರ ಬಿಟ್ಟಿತು. ಆದರೆ ಈಗ ಅವರ ಮುಖ ನೋಡಲು ಅವನಿಗೆ ಸಂಕೋಚ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಹೆಣ್ಣುಮಗಳಿದ್ದಳು. ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದಳು. ನಮ್ಮ ಮಠದ ಪುಸ್ತಕಗಳಿಗೆ ಅಕ್ಷರ ಜೋಡಿಸಿಕೊಟ್ಟವಳು ಅವಳೇ. ಅಪಘಾತವೊಂದರಲ್ಲಿ ಅವಳ ಕಾಲು ಊನವಾಗಿತ್ತು. ಊರುಗೋಲು ಹಿಡಿದು ನಡೆಯುತ್ತಿದ್ದಳು. ಬಸ್ಸು ಹತ್ತಲು ಒಬ್ಬರನ್ನು ಕೇಳಬೇಕು, ಇಳಿಯಲು ಇನ್ನೊಬ್ಬರನ್ನು ಕೇಳಬೇಕು. ಮುದ್ರಣಾಲಯದ ಮೆಟ್ಟಿಲ ಬಳಿ ಹಣ್ಣು ಮಾರುವ ಹೆಂಗಸೊಬ್ಬಳು ದಿನವೂ ಗಾಡಿ ಬಿಟ್ಟು ಬಂದು ಅವಳ ಕೈ ಹಿಡಿಯುತ್ತಿದ್ದಳು. ಯಾರೂ ಒಲ್ಲೆ ಎಂದವರಲ್ಲ. ಆದರೂ ಪ್ರತಿ ಸಲ ತಾನು ಒಂದಿಷ್ಟು ಕುಗ್ಗಿದೆ ಎಂದೇ ಅವಳಿಗೆ ಅನ್ನಿಸುತ್ತಿತ್ತು. ತಲೆ ತಗ್ಗಿಸಿಕೊಂಡೇ ಹತ್ತುತ್ತಿದ್ದಳು, ತಲೆ ತಗ್ಗಿಸಿಕೊಂಡೇ ಇಳಿಯುತ್ತಿದ್ದಳು.

ಕೆಲಸ ಮುಗಿಸಿ ಮನೆಗೆ ಬಂದರೆ ಅವಳಿಗೆ ಕಂಪ್ಯೂಟರಿನಲ್ಲಿ ಒಂದು ಆನ್‌ಲೈನ್ ಆಟವಿತ್ತು. ರಾಕ್ಷಸರು, ಕೋಟೆಗಳು, ಮಂತ್ರಗಳು ಇರುವ ಆಟ. ಬೇರೆ ಬೇರೆ ಊರಿನವರು ತಮ್ಮ ತಮ್ಮ ಮನೆಯಲ್ಲೇ ಕುಳಿತು ಅದರೊಳಗೆ ಒಟ್ಟುಗೂಡುತ್ತಾರೆ. ಒಬ್ಬ ಗುರಾಣಿ ಹಿಡಿದು ಮುಂದೆ ನಿಲ್ಲುತ್ತಾನೆ. ಇನ್ನೊಬ್ಬ ವೈದ್ಯನಾಗಿ ಬಿದ್ದವರ ಗಾಯ ಮಾಯಿಸುತ್ತಾನೆ. ಈಕೆ ಮಾಂತ್ರಿಕೆ. ಬೆಂಕಿ ಎರಚುವುದು, ಹಿಮ ಸುರಿಸುವುದು ಅವಳ ಪಾಲಿನ ಕೆಲಸ. ಮಾಂತ್ರಿಕರ ಹೊಡೆತ ಬಲವಾದದ್ದು, ಮೈ ಮಾತ್ರ ಮೆದು. ಒಂದು ಪೆಟ್ಟು ಬಿದ್ದರೆ ನೆಲ ಹಿಡಿಯುತ್ತಾರೆ. ಹಾಗಾಗಿ ಅಲ್ಲಿಯೂ ಅವಳು ಇನ್ನೊಬ್ಬರ ಬೆನ್ನ ಹಿಂದೆಯೇ ನಿಲ್ಲಬೇಕಿತ್ತು.

ಒಮ್ಮೆ ಆ ಆಟಕ್ಕೆ ಹೊಸ ಭಾಗವೊಂದು ಸಿದ್ಧವಾಯಿತು. ಎಲ್ಲರಿಗೂ ಬಿಡುವ ಮೊದಲು ಆಟ ಕಟ್ಟಿದವರು ಕೆಲವು ಆಟಗಾರರನ್ನು ಆರಿಸಿ, ಆಡಿ ನೋಡಿ, ತಪ್ಪು ಕಂಡರೆ ತಿಳಿಸಿ ಎಂದು ಕೇಳಿಕೊಂಡರು. ಈ ಟೆಸ್ಟಿಂಗ್ ಮುಗಿದ ಮೇಲೆ ಅಲ್ಲಿ ಗಳಿಸಿದ್ದೆಲ್ಲ ಅಳಿಸಿಹೋಗುವುದೆಂದೂ ಮೊದಲೇ ಹೇಳಿದರು. ಈಕೆ ಆಯ್ಕೆಯಾದಳು. ಅವಳ ಹಳೆಯ ಜೊತೆಗಾರರು ಆಗಲಿಲ್ಲ. ಒಬ್ಬಳೇ ಹೊಸ ನಾಡಿಗೆ ಹೋದಳು.

ಹೊಸ ಭಾಗದಲ್ಲಿ ಮಾಂತ್ರಿಕರಿಗೆ ನೆರಳು ಮಂತ್ರ ಎಂಬುದೊಂದನ್ನು ಕೊಟ್ಟಿದ್ದರು. ಅದನ್ನು ಹಾಕಿದರೆ ಮಾಂತ್ರಿಕೆಯ ನೆರಳು ಎದ್ದು ಪಕ್ಕಕ್ಕೆ ನಿಲ್ಲುತ್ತದೆ. ಅವಳಿಗೆ ಬೀಳಬೇಕಾದ ಪೆಟ್ಟು ನೆರಳಿಗೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ನೆರಳು ಕರಗಿಹೋಗುತ್ತದೆ. ಒಂದು ಸಂಜೆ ಅವಸರದಲ್ಲಿ ಅವಳ ಬೆರಳು ಅದೇ ಕೀಲಿಯನ್ನು ಎರಡು ಸಲ ಒತ್ತಿತು. ನೆರಳು ಎದ್ದಿತು, ಆದರೆ ಕರಗಲಿಲ್ಲ. ತೋಳಗಳು ಮೇಲೆ ಬಿದ್ದವು. ಅವಳಿಗೆ ಏನೂ ಆಗಲಿಲ್ಲ. ಮತ್ತೆ ಮಾಡಿ ನೋಡಿದಳು. ಮತ್ತೆಯೂ ಹಾಗೆಯೇ ಆಯಿತು.

ಹೊಸ ನಾಡಿನ ಕೊನೆಯಲ್ಲಿ ಹೆಪ್ಪುಗಟ್ಟಿದ ಸರೋವರವಿತ್ತು. ಅದರ ತಳದಲ್ಲಿ ಕಲ್ಲಿನ ಸರ್ಪವೊಂದಿತ್ತು. ದೊಡ್ಡ ಗುಂಪುಗಳೇ ಅದರ ಮುಂದೆ ಸೋತು ಹಿಂದಿರುಗಿದ್ದವು. ಅವಳು ಒಬ್ಬಳೇ ಇಳಿದಳು, ಒಬ್ಬಳೇ ಅದನ್ನು ಕೆಡವಿದಳು. ಕಾಲು ಊನವಾದ ಮೇಲೆ ಯಾರನ್ನೂ ಕೇಳದೆ ಅವಳು ಮಾಡಿದ ದೊಡ್ಡ ಕೆಲಸ ಅದೇ ಮೊದಲು.

ಇದನ್ನು ಯಾರಿಗೂ ಹೇಳಬಾರದೆಂದು ಅವಳಿಗೆ ಅನ್ನಿಸಿತು. ಹೇಳಿದರೆ ಸರಿಪಡಿಸಿಬಿಡುತ್ತಾರೆ. ಹೇಳದಿದ್ದರೆ, ಹೊಸ ಭಾಗ ತೆರೆದ ದಿನ ಎಲ್ಲರಿಗಿಂತ ಮೊದಲು ಸರ್ಪವನ್ನು ಕೆಡವುವವಳು ಅವಳೇ. ಅದೂ ಒಬ್ಬಳೇ. ಆ ಲೋಕದಲ್ಲೆಲ್ಲ ಅವಳ ಹೆಸರೇ ಕೇಳಿಬರುತ್ತದೆ. ಟೆಸ್ಟಿಂಗಿಗೆ ಬಂದವರು ತಪ್ಪು ತಿಳಿಸುತ್ತೇವೆಂದು ಮಾತು ಕೊಟ್ಟಿದ್ದರು. ಅವಳೂ ಕೊಟ್ಟಿದ್ದಳು. ಅದು ನೆನಪಾದಾಗಲೆಲ್ಲ ನಾಳೆ ನೋಡೋಣ ಎಂದುಕೊಂಡಳು.

ಹೀಗಿರುವಾಗ ಒಬ್ಬ ವೈದ್ಯ ಅವಳ ಜೊತೆಯಾದ. ಆ ವೈದ್ಯನನ್ನು ಆಡಿಸುತ್ತಿದ್ದವರು ನಿವೃತ್ತರಾದ ಒಬ್ಬ ಶಾಲಾ ಮೇಷ್ಟ್ರು. ವೈದ್ಯರಿಗೂ ಹೊಸದೊಂದು ಮಂತ್ರ ಕೊಟ್ಟಿದ್ದಾರೆ, ಅದನ್ನು ಪರೀಕ್ಷಿಸಬೇಕು, ನಿಮ್ಮ ಜೊತೆ ಬರಲೇ ಎಂದು ಅವರು ಮೈಕಿನಲ್ಲಿ ಕೇಳಿದರು. ಅವಳು ಬನ್ನಿ ಎಂದಳು. ಇಬ್ಬರೂ ಕಾಡು ದಾಟಿದರು, ಕೋಟೆ ಹೊಕ್ಕರು. ಅವಳು ಮುಂದೆ ಮುಂದೆ ಹೋದಳು. ಅವರು ಮದ್ದಿನ ಕೋಲು ಎತ್ತಿಕೊಂಡು ಹಿಂದೆ ಹಿಂದೆ ಬಂದರು. ಎಲ್ಲಿಯೂ ಆ ಕೋಲಿಗೆ ಕೆಲಸ ಬೀಳಲಿಲ್ಲ. ಕೋಟೆಯ ಅಂಗಳದಲ್ಲಿ ಅವರು ನಿಂತರು.

"ನಿಮಗೆ ಗಾಯವೇ ಆಗುವುದಿಲ್ಲ ತಾಯಿ. ನಿಮ್ಮ ಜೊತೆ ಬಂದು ನಾನು ಮಾಡುವುದೇನಿದೆ?" ಎಂದರು.

ಅವರ ದನಿಯಲ್ಲಿ ಬೇಸರವಿರಲಿಲ್ಲ. ನಮಸ್ಕಾರ ಹೇಳಿ ಬೇರೆ ಗುಂಪು ಹುಡುಕಿಕೊಂಡು ಹೋದರು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ಅವರು ಮತ್ತೆ ಕಂಡರು. ಒಂದು ಗುಂಪು ಕಣಿವೆಯಲ್ಲಿ ಒದ್ದಾಡುತ್ತಿತ್ತು. ಒಬ್ಬ ಬೀಳುತ್ತಿದ್ದ, ಮೇಷ್ಟ್ರು ಓಡಿ ಹೋಗಿ ಎಬ್ಬಿಸುತ್ತಿದ್ದರು. ಇನ್ನೊಬ್ಬಳು ಬೀಳುತ್ತಿದ್ದಳು, ಅಲ್ಲಿಗೂ ಓಡುತ್ತಿದ್ದರು. ಸೋಲುತ್ತಿದ್ದ ಗುಂಪು ಅದು, ಆದರೆ ನಗು ಕೇಳಿಸುತ್ತಿತ್ತು. ದಿಬ್ಬದ ಮೇಲೆ ನಿಂತು ಅವಳು ಕೇಳಿಸಿಕೊಂಡಳು. ಅವಳ ಪಕ್ಕದಲ್ಲಿ ಇದ್ದದ್ದು ಅವಳ ನೆರಳೊಂದೇ.

ಮರುದಿನ ಬೆಳಿಗ್ಗೆ ಹಣ್ಣಿನವಳು ಎಂದಿನಂತೆ ಗಾಡಿ ಬಿಟ್ಟು ಬಂದು ಕೈ ಹಿಡಿದಳು. ಅಂದು ಈಕೆ ತಲೆಯೆತ್ತಿ ನೋಡಿದಳು. ಹೆಂಗಸಿನ ಮುಖದಲ್ಲಿ ಒಂದು ಬಗೆಯ ನೆಮ್ಮದಿಯಿತ್ತು. ತಾನು ಬರುವ ಹೊತ್ತಿಗೆ ಹಣ್ಣಿನವಳು ದಾರಿ ಕಾಯುತ್ತಾಳೆಂಬುದು ಈಕೆಗೆ ಆಗ ಹೊಳೆಯಿತು. ಇಷ್ಟು ಕಾಲವಾದರೂ ಕೇಳದಿದ್ದ ಹೆಸರನ್ನು ಕೇಳಿದಳು. ದ್ಯಾಮವ್ವ ಎಂದಳು ಹಣ್ಣಿನವಳು. ಮೆಟ್ಟಿಲು ಮುಗಿಯುವವರೆಗೆ ಇಬ್ಬರೂ ಮಾತಾಡುತ್ತಲೇ ಹತ್ತಿದರು.

ಆ ಸಂಜೆ ಅವಳು ಆಟ ಕಟ್ಟಿದವರಿಗೆ ಎಲ್ಲವನ್ನೂ ಬರೆದಳು. ಕೀಲಿಯನ್ನು ಎರಡು ಸಲ ಒತ್ತಿದರೆ ನೆರಳು ಕರಗುವುದಿಲ್ಲ, ಮಾಂತ್ರಿಕೆಗೆ ಪೆಟ್ಟೇ ತಗಲುವುದಿಲ್ಲ, ಇದು ತಪ್ಪು, ಸರಿಪಡಿಸಿ ಎಂದಳು. ಕಳಿಸುವ ಮುನ್ನ ಬೆರಳು ತುಸು ತಡೆಯಿತು. ಆಮೇಲೆ ಕಳಿಸಿದಳು.

ಅವರು ವಂದನೆ ಹೇಳಿದರು, ಸರಿಪಡಿಸಿದರು. ಅಷ್ಟಕ್ಕೇ ನಿಲ್ಲಿಸಲಿಲ್ಲ, ನೆರಳು ನಿಲ್ಲುವ ಹೊತ್ತನ್ನೂ ಕಡಿಮೆ ಮಾಡಿದರು. ಮಾಂತ್ರಿಕರು ಮೊದಲಿಗಿಂತ ದುರ್ಬಲರಾದರು. ತಿಳಿಸಿದವಳು ಇವಳೇ ಎಂದು ಗೊತ್ತಾಗಿ ಉಳಿದ ಮಾಂತ್ರಿಕರು ಅವಳ ಮೇಲೆ ಗೊಣಗಿದರು. ನಿನ್ನ ಬಾಯಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತು ಎಂದವರೂ ಇದ್ದರು. ಅವಳು ಮೇಷ್ಟ್ರನ್ನು ಹುಡುಕಿ, ನಿಮ್ಮ ಗುಂಪಿಗೆ ನನ್ನನ್ನೂ ಸೇರಿಸಿಕೊಳ್ಳುತ್ತೀರಾ ಎಂದು ಕೇಳಿದಳು. ಯಾರನ್ನಾದರೂ ಏನಾದರೂ ಕೇಳುವಾಗ ಅವಳ ಎದೆ ಹಗುರವಾಗಿದ್ದದ್ದು ಅಂದೇ ಮೊದಲು.

ಎಲ್ಲರೂ ಕೂಡಿ ಸರೋವರಕ್ಕೆ ಇಳಿದರು. ಸರ್ಪ ಬಾಲ ಬೀಸಿತು. ಅವಳು ಬಿದ್ದಳು. ಮೇಷ್ಟ್ರು ಬಂದು ಎಬ್ಬಿಸಿದರು. ಮತ್ತೆ ಬಿದ್ದಳು, ಮತ್ತೆ ಎಬ್ಬಿಸಿದರು. ಗುರಾಣಿಯವನು ಅವಳಿಗೆ ಅಡ್ಡ ಬಂದು ತಾನೇ ಪೆಟ್ಟು ತಿಂದ. ಹೀಗೆ ಬೀಳುತ್ತ ಏಳುತ್ತ, ಒಬ್ಬರನ್ನೊಬ್ಬರು ಕೂಗಿ ಎಚ್ಚರಿಸುತ್ತ, ಕೊನೆಗೊಮ್ಮೆ ಸರ್ಪವನ್ನು ಕೆಡವಿದರು.

"ನಿಮ್ಮಿಂದ ದೊಡ್ಡ ಉಪಕಾರವಾಯಿತು ಮೇಷ್ಟ್ರೇ" ಎಂದಳು ಅವಳು.

"ಉಪಕಾರ ನಿಮ್ಮದು ತಾಯಿ. ನೀವು ಅಷ್ಟು ಸಲ ಬಿದ್ದದ್ದಕ್ಕೆ ನನ್ನ ಮಂತ್ರ ಕೆಲಸ ಮಾಡುತ್ತದೆಂದು ಗೊತ್ತಾಯಿತು" ಎಂದರು ಮೇಷ್ಟ್ರು.

ಟೆಸ್ಟಿಂಗ್ ಮುಗಿಯಿತು. ಹೇಳಿದ್ದಂತೆಯೇ ಎಲ್ಲವನ್ನೂ ಅಳಿಸಿದರು. ಹೊಸ ಭಾಗ ಎಲ್ಲರಿಗೂ ತೆರೆದಾಗ ಯಾವುದೋ ಊರಿನ ಯಾವುದೋ ಗುಂಪು ಸರ್ಪವನ್ನು ಮೊದಲು ಕೆಡವಿ ಹೆಸರು ಮಾಡಿತು. ಈಕೆ ತನ್ನ ಹಳೆಯ ಜೊತೆಗಾರರನ್ನೂ ಮೇಷ್ಟ್ರನ್ನೂ ಕೂಡಿಸಿಕೊಂಡು, ಎಷ್ಟೋ ತಡವಾಗಿ, ಎಷ್ಟೋ ಸಲ ಸೋತು ಅಲ್ಲಿಗೆ ಮುಟ್ಟಿದಳು. ಆ ಸಂತೋಷವನ್ನು ನನಗೆ ಹೇಳಲೆಂದೇ ಮಠಕ್ಕೆ ಬಂದಿದ್ದಳು. ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡಳು.

ಗುರುಗಳು ಇಷ್ಟು ಹೇಳಿ ಮಾತು ನಿಲ್ಲಿಸಿದರು. ಕತೆ ಚೆನ್ನಾಗಿತ್ತು, ಆದರೆ ತಾನು ಕೇಳಿದ ಶಕ್ತಿಯ ಮಾತು ಅದರಲ್ಲಿ ಬರಲಿಲ್ಲವಲ್ಲ ಎಂದು ಗುರುಶಾಂತ ಮೆಲ್ಲಗೆ ಕೇಳಿದ.

"ಬಂತಲ್ಲ ಮಗು, ಅವಳು ತಪ್ಪು ಎಂದು ಬರೆದು ಕಳಿಸಿದ್ದು ಅದನ್ನೇ" ಎಂದರು ಗುರುಗಳು.

ಗುರುಶಾಂತ ಎದ್ದು, ಗಂಜಿ ಕುಡಿಸಿದ ಜೊತೆಯವರನ್ನು ಹುಡುಕಿಕೊಂಡು ಹೋದ.