ಗಿಣಿಪಾಠ ಒಪ್ಪದ ತೊಟ್ಟಿಲು

ಬಾ, ಕಾಲು ಚಾಚು, ಕಂಬಳಿ ಎಳ್ಕೋ. ಕಣ್ಣು ಮುಚ್ಕೊಂಡ್ರೂ ಪರವಾಗಿಲ್ಲ, ಹೂಂಗುಟ್ಟೋದು ಮಾತ್ರ ನಿಲ್ಲಿಸ್ಬೇಡ. ನೀನು ಹೂಂ ಅನ್ನದೇ ಹೋದ್ರೆ ಕತೆ ಮುನಿಸ್ಕೊಂಡು ಅಟ್ಟ ಹತ್ತಿ ಕೂತ್ಬಿಡುತ್ತೆ, ಆಮೇಲೆ ಅದನ್ನ ಇಳಿಸೋಕೆ ನನ್ನ ಮಂಡಿ ಕೇಳಲ್ಲ.

ಒಂದಾನೊಂದು ಕಾಲದಲ್ಲಿ, ಮರಳಿಗೂ ಮಾತು ಬರ್ತಿದ್ದ ಕಾಲದಲ್ಲಿ, ಹೊಳೆ ಪಕ್ಕದ ಒಂದು ಊರಲ್ಲಿ ಮುದ್ದಮ್ಮ ಅಂತ ಒಬ್ಬಳು ಕಂಚಿನ ಕೆಲಸದವಳು ಇದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು. ಮೂವರೂ ಒಳ್ಳೆಯವರೇ, ತಿದಿ ಒತ್ತು ಅಂದ್ರೆ ಒತ್ತೋರು, ಉಣ್ಣೋಕೆ ಬಾ ಅಂದ್ರೆ ಬರೋರು, ಅಷ್ಟೇ. ಬುದ್ಧಿಯೆಲ್ಲ ಆ ಮನೇಲಿ ಸೊಸೆಯರ ಪಾಲಿಗೆ ಬಂದಿತ್ತಂತೆ. ಹಿರೀ ಸೊಸೆ ಹೊಂಬಾಳಮ್ಮ, ನಡುವಿನ ಸೊಸೆ ಚೌಡಿ. ಕಿರೀ ಮಗ ಮುತ್ತಣ್ಣನಿಗೆ ಇನ್ನೂ ಮದುವೆ ಆಗಿರ್ಲಿಲ್ಲ, ಹೆಣ್ಣು ಮಾತ್ರ ಗೊತ್ತಾಗಿತ್ತು.

ಈ ಮುದ್ದಮ್ಮ ಮಾಡ್ತಿದ್ದದ್ದು ಚೊಂಬೂ ಅಲ್ಲ, ತಟ್ಟೆಯೂ ಅಲ್ಲ, ಕಾವುತೊಟ್ಟಿಲು. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ಇರ್ತಾವಲ್ಲ, ಎಷ್ಟು ಬಟ್ಟೆ ಸುತ್ತಿದ್ರೂ ನಡುಗ್ತಾವಲ್ಲ, ಅವಕ್ಕೆ. ತೊಟ್ಟಿಲ ಕೆಳಗೆ ಒಂದು ಗೂಡು, ಗೂಡಿಗೊಂದು ಪುಟ್ಟ ಬಾಗಿಲು, ಒಳಗೆ ಒಂದು ಕಂಚಿನ ಕಾವುಗುಂಡು ಇಟ್ಟರೆ ಮೂರು ದಿನ ಕೋಳಿ ಹೊಟ್ಟೆ ಕೆಳಗಿನ ಹಾಗೆ ಬೆಚ್ಚಗೆ ಇರ್ತಿತ್ತಂತೆ, ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ನಾಲ್ಕನೇ ದಿನ ಬೇರೆ ಗುಂಡು ಇಡಬೇಕು. ಹೀಗೇ ಒಂದೆರಡು ತಿಂಗಳು ಕಳೆದ್ರೆ ಕೂಸು ಗುಂಡುಗುಂಡಗಾಗಿ ಕೇಕೆ ಹಾಕೋದಂತೆ.

ಆಮೇಲೆ ಆ ಊರಲ್ಲೇ ಥಳುಕಪ್ಪ ಅಂತ ಒಬ್ಬ ವ್ಯಾಪಾರಿ ಇದ್ದ. ನಾವು ಚಾಪೆ ಕೆಳಗೆ ತೂರಿದ್ರೆ ಅವನು ರಂಗೋಲಿ ಕೆಳಗೆ ತೂರೋನು. ಅವನೇನು ಮಾಡಿದ, ಮಣ್ಣಿನ ಗುಂಡಿಗೆ ಕಂಚಿನ ಬಣ್ಣ ಬಳಿದು, ಇದೂ ಮುದ್ದಮ್ಮನ ಗುಂಡೇ ಅಂತ ಅಗ್ಗಕ್ಕೆ ಮಾರೋಕೆ ಶುರು ಮಾಡಿದನಂತೆ. ಅದರಲ್ಲಿ ಒಂದು ಗುಂಡು ಅರ್ಧ ದಿನಕ್ಕೇ ತಣ್ಣಗಾದ್ರೆ ಇನ್ನೊಂದು ಕೆಂಡದ ಹಾಗೆ ಸುಡೋದು. ಹೂವಾಡಿಗರ ಮನೆ ಕೂಸಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಊರೋರೆಲ್ಲ ಮುದ್ದಮ್ಮನ ಬಾಗಿಲಿಗೆ ಬಂದು ಬಾಯಿಗೆ ಬಂದ ಹಾಗೆ ಬೈದು, ದೂರು ದೊರೆ ತನಕ ಹೋಯ್ತಂತೆ.

ದೊರೆ ಕೆಟ್ಟವನಲ್ಲ, ಆದ್ರೆ ಬೆಳ್ಳಗಿರೋದೆಲ್ಲ ಹಾಲು ಅನ್ನೋ ಪೈಕಿ. ಎರಡೂ ಗುಂಡು ಕೈಯಲ್ಲಿ ಹಿಡಿದು ತಿರುಗಿಸಿ ಮುರುಗಿಸಿ ನೋಡಿದ, ಎರಡೂ ಒಂದೇ ಥರ. ಥಳುಕಪ್ಪ ಕೈ ಮುಗಿದು, ನನ್ನದರಲ್ಲಿ ಏನೂ ಐಬಿಲ್ಲ ಬುದ್ಧಿ, ಸುಟ್ಟಿದ್ದು ಆಕೆಯದೇ ಇರಬೇಕು ಅಂದನಂತೆ. ದೊರೆ ಮೀಸೆ ತಿರುವಿಕೊಂಡು, ನೋಡಮ್ಮ ಮುದ್ದಮ್ಮ, ನನಗೂ ಗುರುತು ಸಿಗಲ್ಲ, ಹೆತ್ತೋರಿಗೂ ಸಿಗಲ್ಲ, ತನ್ನ ಗುಂಡು ಯಾವುದು ಅಂತ ಆ ತೊಟ್ಟಿಲಿಗೇ ಗೊತ್ತಾಗೋ ಹಾಗೆ ಮಾಡು, ಮೂರು ಸೋಮವಾರ ಗಡುವು, ಆಗಲಿಲ್ಲ ಅಂದ್ರೆ ಊರಲ್ಲಿರೋ ಕಾವುತೊಟ್ಟಿಲೆಲ್ಲ ಹೊಳೆಗೆ ಅಂತ ಅಪ್ಪಣೆ ಮಾಡಿಬಿಟ್ಟನಂತೆ.

ಮುದ್ದಮ್ಮ ಅಲ್ಲಿಂದ ಮನೆಗೆ ಓಡಿದ್ಳು. ಯಾಕೆ ಗೊತ್ತಾ? ಚೌಡಿಯನ್ನ ತವರಿಗೆ ಕರ್ಕೊಂಡು ಹೋಗೋ ಮೊದಲೇ ಏಳು ತಿಂಗಳಿಗೆ ಹೆರಿಗೆ ಆಗಿ, ಹೆಣ್ಣು ಕೂಸು ಹುಟ್ಟಿತ್ತಂತೆ. ಒಂದು ಅಂಗೈಯಲ್ಲಿ ಮಲಗೋವಷ್ಟು. ಅದು ಮನೇ ತೊಟ್ಟಿಲಲ್ಲೇ ಉಸಿರು ಹಿಡ್ಕೊಂಡಿತ್ತು. ತೊಟ್ಟಿಲು ಹೊಳೆ ಪಾಲಾದ್ರೆ ಮೊಮ್ಮಗಳ ಗತಿ ಏನು? ನಾನು ಎಂಥ ಕೆಲಸಗಾರ್ತಿ, ನನ್ನ ಕೈಯಾರೆ ಮಾಡಿದ್ದನ್ನ ನನ್ನದು ಅಂತ ತೋರಿಸೋಕೆ ಆಗ್ತಿಲ್ಲವಲ್ಲ ಅಂತ ಅವಳಿಗೆ ಅಳುವೇ ಬಂತಂತೆ.

ಹಿರೀ ಸೊಸೆ ಹೊಂಬಾಳಮ್ಮ, ಅಳಬೇಡಿ ಅತ್ತೆ, ಗುಂಡಿಗೆ ಹಚ್ಚೆ ಹಾಕೋಣ ಅಂದಳಂತೆ. ಅವಳ ಕೈ ಬಲು ನಯ. ಗುಂಡಿನ ಮೇಲೆ ಸಾಸಿವೆಯಷ್ಟು ಚಿಕ್ಕ ನವಿಲು ಕೊರೆದು, ಗೂಡಿನ ಬಾಗಿಲ ಮೇಲೆ ಆ ನವಿಲು ಕೂತುಕೊಳ್ಳೋ ಹಾಗೆ ಅಚ್ಚು ಮಾಡಿದಳು. ನವಿಲು ಅಚ್ಚಿಗೆ ಕೂತರೆ ಬಾಗಿಲು ತೆಗೆಯುತ್ತೆ, ಇಲ್ಲಾಂದ್ರೆ ಇಲ್ಲ. ಥಳುಕಪ್ಪ ಸುಮ್ಮನೆ ಕೂತನಾ? ಆಳನ್ನ ಕಳಿಸಿ ಒಂದು ನವಿಲುಗುಂಡು ತರಿಸಿದ, ಜೇನುಮೇಣದಲ್ಲಿ ಅಚ್ಚು ತೆಗೆದ, ವಾರದೊಳಗೆ ಅಂಥದೇ ಹತ್ತು ನವಿಲು ಎರಕ ಹೊಯ್ದ. ಮೊದಲ ಸೋಮವಾರ ಬಂತು, ಮುದ್ದಮ್ಮನ ಗುಂಡಿಗೂ ತೊಟ್ಟಿಲು ಬಾಗಿಲು ತೆಗೀತು, ಥಳುಕಪ್ಪನದಕ್ಕೂ ತೆಗೀತು. ಹೊಂಬಾಳಮ್ಮ ಎರಡು ದಿನ ಊಟ ಬಿಟ್ಟಳಂತೆ. ಮೂರನೇ ದಿನ ಮಾಡಿದ್ದು ಹೋಳಿಗೆ, ಅವತ್ತು ಬಿಡಲಿಲ್ಲ.

ಆಮೇಲೆ ನಡುವಿನ ಸೊಸೆ ಚೌಡಿ, ಬಾಣಂತಿ ಕೋಣೆಯಿಂದಲೇ, ಅತ್ತೆ, ಮೈ ಮೇಲೆ ಗುರುತು ಹಾಕಿದ್ರೆ ಯಾರಾದ್ರೂ ನೋಡ್ತಾರೆ, ಗುರುತು ಒಳಗೆ ಇರಬೇಕು ಅಂದಳಂತೆ. ಮುದ್ದಮ್ಮನಿಗೆ ಒಂದು ವಿದ್ಯೆ ಗೊತ್ತಿತ್ತು. ಹೊಳೆ ಮರಳನ್ನ ಏಳು ಸಲ ತೊಳೆದು, ಏಳು ಸಲ ಕರಗಿಸಿ, ರಾಗಿಯಷ್ಟು ಒಂದು ಕಾಳು ಮಾಡೋಳು. ಆ ಕಾಳು, ಹೇಳಿಕೊಟ್ಟದ್ದನ್ನ ನೆನಪಿಟ್ಕೊಂಡು ತಿರುಗಿ ಹೇಳೋದು. ಏನಂದೆ? ನಿಮ್ಮಪ್ಪ ರಿಪೇರಿಗೆ ಅಂತ ಬಿಚ್ಚಿ ಹಾಕಿದ ರಿಮೋಟಿನೊಳಗೆ ಇತ್ತಲ್ಲ, ಆ ಚಿಪ್ಪಾ? ಹೂಂ, ಅದೇ ಅಂತಿಟ್ಕೋ, ಅದನ್ನೂ ಮರಳಿಂದಲೇ ಮಾಡ್ತಾರಂತಲ್ಲ. ನಮ್ಮ ಕತೇಲಿ ಅದಕ್ಕೆ ಕಾಳು ಅಂತಾರೆ. ಒಂದು ಕಾಳನ್ನ ಗುಂಡಿನೊಳಗೆ ಇಟ್ಟರು, ಒಂದನ್ನ ತೊಟ್ಟಿಲಿಗೆ ಇಟ್ಟರು. ತೊಟ್ಟಿಲು, ಯಾರು? ಅನ್ನಬೇಕು, ಗುಂಡು, ಮುದ್ದಮ್ಮನ ಮನೆ ಮುದ್ದೆ ಬಿಸಿ ಅನ್ನಬೇಕು, ಬಾಗಿಲು ತೆಗೀಬೇಕು.

ಒಳ್ಳೇ ಉಪಾಯವೇ. ಆದ್ರೆ ಥಳುಕಪ್ಪ ಒಂದು ಗಿಣಿ ಸಾಕಿದ್ದನಂತೆ. ಅದು ಬಂದು ಕಿಟಕಿ ಸರಳಿನ ಮೇಲೆ ಕೂತು, ಎಷ್ಟು ಮುದ್ದಾಗಿದೆ ಅಂತ ಚೌಡಿಯೇ ಅದಕ್ಕೆ ಕಡಲೆ ಹಾಕಿ, ಅದು ತಿನ್ನೋದು ತಿಂದು ಕೇಳೋದು ಕೇಳಿಸ್ಕೊಂಡು ಹೋಯ್ತಂತೆ. ಎರಡನೇ ಸೋಮವಾರ ಥಳುಕಪ್ಪ ಗುಂಡು ಈಚೆಗೆ ತೆಗೀಲೇ ಇಲ್ಲ. ಗಿಣಿ ಹಾರಿಬಂದು ತೊಟ್ಟಿಲ ಮೇಲೆ ಕೂತ್ಕೊಂಡು, ಮುದ್ದಮ್ಮನ ಮನೆ ಮುದ್ದೆ ಬಿಸಿ ಅಂತು, ಬಾಗಿಲು ಪಟ್ಟನೆ ತೆರ್ಕೊಂತು! ದೊರೆ ನಕ್ಕೂ ನಕ್ಕೂ ಮೀಸೆಯೇ ಜೋತುಬಿತ್ತಂತೆ. ಮುದ್ದಮ್ಮನಿಗೆ ಮಾತ್ರ ನಗು ಬರಲಿಲ್ಲ. ಉಳಿದದ್ದು ಒಂದೇ ಸೋಮವಾರ.

ಅಷ್ಟರಲ್ಲಿ ಕಿರೀ ಮಗನ ಮದುವೆ ಬಂತು. ಮುಹೂರ್ತ ಯಾರಿಗೋಸ್ಕರ ಕಾಯುತ್ತೆ? ಹೆಣ್ಣಿನ ಊರಲ್ಲಿ ಮದುವೆ ಆಗಿ, ಗುರುವಾರ ಬೆಳಗ್ಗೆ ಮುತ್ತಣ್ಣ ಹೆಂಡತಿ ನೀಲಿಯನ್ನ ಕರ್ಕೊಂಡು ಮನೆ ಬಾಗಿಲಿಗೆ ಬಂದ. ಮುದ್ದಮ್ಮ ಕೆಂಪಾರತಿ ಹಿಡಿದು ನಿಂತಿದ್ಳು. ಹೊಂಬಾಳಮ್ಮ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಹೇಳಿದ್ರೆ ಮಾತ್ರ ಒಳಗೆ ಬಿಡೋದು ಅಂದಳಂತೆ, ಶಾಸ್ತ್ರ ಅಲ್ವಾ. ನೀಲಿ ತಲೆ ಬಗ್ಗಿಸ್ಕೊಂಡು ಹೇಳಿದ್ಳು:

ಬಾಗಿಲಿಗೆ ತೋರಣ, ಹೊಸಲಿಗೆ ಅರಿಶಿನ,
ನಮ್ಮೋರು ಅಂದ್ರೆ ಕಡಲಿನ ಧನ.

ಕಡಲಿನ ಧನ ಅಂದ್ರೆ ಮುತ್ತು ತಾನೆ? ಹೆಸರು ಬಾಯಲ್ಲಿ ಬರಲಿಲ್ಲ, ಗೊತ್ತಿದ್ದೋರಿಗೆ ಮಾತ್ರ ಗೊತ್ತಾಯ್ತು. ಹೊಂಬಾಳಮ್ಮ ಬಿಡಲಿಲ್ಲ. ತಂಗೀ, ಇದು ನಿಮ್ಮಮ್ಮ ಕಲಿಸಿ ಕಳಿಸಿದ ಗಿಣಿಪಾಠ, ನಾನು ಕೊಟ್ಟ ಮಾತಿಗೆ ಕಟ್ಟಿ ಹೇಳು, ಒನಕೆ! ಅಂದ್ಳು. ನೀಲಿ ಒಂದು ಗಳಿಗೆ ಯೋಚನೆ ಮಾಡಿದ್ಳು:

ಒನಕೆ ಪೆಟ್ಟಿಗೆ ಭತ್ತ ಬಿಡ್ತು ಹೊಟ್ಟು,
ನಮ್ಮೋರು ಕೂತರೆ ಚಂದ ಮೂಗುಬೊಟ್ಟು.

ಬಾಣಂತಿ ಕೋಣೇಲಿ ಮಲಗಿದ್ದ ಚೌಡಿ ಗೋಡೆ ಮೇಲೆ ಏನು ಕಂಡ್ಳೋ, ಅಲ್ಲಿಂದಲೇ, ಹಲ್ಲಿ! ಅಂತ ಕೂಗಿದ್ಳು. ನೀಲಿ ನಕ್ಕಳು:

ಹಲ್ಲಿ ಮಲಗೋದು ಗೋಡೆ ಬಿರುಕಿನ ಒಳಗೆ,
ನಮ್ಮೋರು ಮಲಗೋದು ಚಿಪ್ಪಿನ ಮನೆಯೊಳಗೆ.

ಎಲ್ಲರೂ ಭಲೇ ಭಲೇ ಅಂದ್ರೆ, ಮುದ್ದಮ್ಮ ಮಾತ್ರ ಕೈಯಲ್ಲಿದ್ದ ಆರತಿ ತಟ್ಟೆಯನ್ನೇ ನೋಡ್ತಾ ನಿಂತುಬಿಟ್ಟಳಂತೆ. ಕೇಳಿದ ಮಾತು ಒಂದೊಂದು ಸಲ ಒಂದೊಂದು, ಉತ್ತರವೂ ಒಂದೊಂದು, ಹೆಸರು ಮಾತ್ರ ಒಂದೇ, ಅದು ಈಚೆಗೆ ಬರಲೇ ಇಲ್ಲ. ಗಿಣಿ ಏನು ಕದಿಯುತ್ತೆ? ಒನಕೆ ಉತ್ತರ ಕದ್ದರೆ ಹಲ್ಲಿಗೆ ಆಗಲ್ಲ. ಆದ್ರೆ ಜಾಣ ಆದವನು ಒಗಟು ಬಿಡಿಸಿಬಿಟ್ರೆ? ಅದಕ್ಕೂ ಉತ್ತರ ತಟ್ಟೆಯಲ್ಲೇ ಇತ್ತು. ಅರಿಶಿನದ ನೀರಿಗೆ ಸುಣ್ಣ ಬೆರೆಸಿದ್ರೆ ಕೆಂಪಾಗುತ್ತೆ. ಆ ಕೆಂಪಿನಿಂದ ಅರಿಶಿನ ಬೇರೆ, ಸುಣ್ಣ ಬೇರೆ ಮಾಡಿಕೊಡು ನೋಡೋಣ, ಯಾರ ಕೈಲಾಗುತ್ತೆ? ಮುದ್ದಮ್ಮ ತಟ್ಟೆಯನ್ನ ಮಗನ ಕೈಗೆ ತುರುಕಿ, ನಿನ್ನ ಹೆಂಡ್ತಿ ಬಂಗಾರ ಕಣೋ ಅಂತ ಕುಲುಮೆಗೆ ಓಡಿದ್ಳಂತೆ. ಪಾಪ, ಮುತ್ತಣ್ಣ ತನಗೆ ತಾನೇ ಆರತಿ ಎತ್ತಿಕೊಂಡು ಒಳಗೆ ಬಂದ.

ಆಮೇಲೆ ಮುದ್ದಮ್ಮ ತನ್ನ ಗುಂಡಿಗೆಲ್ಲ, ಊರಿನ ತೊಟ್ಟಿಲಿಗೆಲ್ಲ ಒಂದೊಂದು ಹೊಸ ಕಾಳು ಮಾಡಿ, ನಾಮಕರಣದಲ್ಲಿ ಕೂಸಿನ ಕಿವೀಲಿ ಹೇಳೋ ಹಾಗೆ ಎಲ್ಲಕ್ಕೂ ಒಂದೇ ಗುಟ್ಟಿನ ಹೆಸರು ಉಸುರಿದಳಂತೆ. ಗುಂಡಿನ ಕಾಳಿಗೆ ಹೇಳಿದ್ಳು, ಈ ಹೆಸರು ಯಾರಿಗೂ ಹೇಳಬೇಡ, ತೊಟ್ಟಿಲು ಒಂದು ಮಾತು ಕೊಡುತ್ತೆ, ಅದಕ್ಕೆ ಹೆಸರನ್ನ ಕಲಸು, ಕಲಸಿ ಬಂದದ್ದನ್ನ ಮಾತ್ರ ಹೇಳು, ಯಾರಾದ್ರೂ ನಿನ್ನ ಒಡೆದ್ರೆ ಎಲ್ಲ ಮರೆತು ಮರಳಾಗು. ತೊಟ್ಟಿಲ ಕಾಳಿಗೆ ಹೇಳಿದ್ಳು, ಪ್ರತಿ ಸಲವೂ ಒಂದು ಹೊಸ ಮಾತು ಕೇಳು, ನೀನೂ ಒಳಗೊಳಗೇ ಕಲಸಿ ನೋಡು, ಎರಡೂ ಒಂದೇ ಬಂದ್ರೆ ಬಾಗಿಲು ತೆಗಿ, ಇಲ್ಲಾಂದ್ರೆ ದೊರೆ ಬಂದ್ರೂ ತೆಗೀಬೇಡ.

ಥಳುಕಪ್ಪ ಗಿಣಿ ಕಳಿಸಿದ. ತೊಟ್ಟಿಲು ಹುಣಸೆ ಅಂತು, ಗುಂಡು ತಕಪಿಕ ಜಂಬು ಅಂತು, ಗಿಣಿ ಅದನ್ನೇ ಬಾಯಿಪಾಠ ಮಾಡ್ಕೊಂಡು ಹೋಯ್ತು. ಅವನಿಗೂ ಅನುಮಾನ ಬಂದು, ಒಂದು ಗುಂಡು ತರಿಸಿ, ಒಡೆದು, ಕಾಳನ್ನ ಕಲ್ಲಿನ ಮೇಲಿಟ್ಟು ಕುಟ್ಟಿದನಂತೆ. ಸಿಕ್ಕಿದ್ದು ಒಂದು ಚಿಟಿಕೆ ಮರಳು. ಕೊನೆಗೆ ತಾನೂ ಹಾಗೋ ಹೀಗೋ ಒರಟು ಕಾಳು ಮಾಡಿ, ಗಿಣಿ ತಂದ ಆ ಒಂದೇ ಮಾತು ಕಲಿಸಿ, ತನ್ನ ಗುಂಡುಗಳೊಳಗೆ ಇಟ್ಟನಂತೆ.

ಮೂರನೇ ಸೋಮವಾರ ದೊರೆ ಮುದ್ದಮ್ಮನ ಮನೆಗೇ ಬಂದ. ಬುಟ್ಟೀಲಿ ಹತ್ತು ಗುಂಡು, ಒಂದು ಮುದ್ದಮ್ಮನದು, ಒಂಬತ್ತು ಥಳುಕಪ್ಪನದು, ದೊರೆಯೇ ಕೈಯಾಡಿಸಿ ಬೆರೆಸಿಬಿಟ್ಟ. ಈಗ ಮುದ್ದಮ್ಮನಿಗೂ ತನ್ನದು ಯಾವುದು ಅಂತ ಗೊತ್ತಿಲ್ಲ. ತೊಟ್ಟಿಲಲ್ಲಿ ಕೂಸು, ಗೂಡಲ್ಲಿದ್ದ ಹಳೇ ಗುಂಡು ಆಗಲೇ ತಣ್ಣಗಾಗ್ತಾ ಇತ್ತು, ಚೌಡಿ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ಳು. ಮೊದಲನೇ ಗುಂಡು ಹಿಡಿದರು. ತೊಟ್ಟಿಲು ಗುಬ್ಬಿ ಅಂತು, ಗುಂಡು ತಕಪಿಕ ಜಂಬು ಅಂತು. ಊಹೂಂ. ಎರಡನೇದು, ತೊಟ್ಟಿಲು ಜರಡಿ ಅಂತು, ಗುಂಡು ಮತ್ತೆ ತಕಪಿಕ ಜಂಬು. ಊಹೂಂ. ಮೂರು, ನಾಲ್ಕು, ಐದು, ಎಲ್ಲ ಊಹೂಂ. ಒಂಬತ್ತನೇದೂ ಊಹೂಂ ಅಂದಾಗ ಮುದ್ದಮ್ಮ ತೊಟ್ಟಿಲ ಹತ್ತಿರಕ್ಕೆ ಸರಿದಳಂತೆ. ನನ್ನ ಗುಂಡನ್ನೂ ಇದು ಬೇಡ ಅಂದುಬಿಡ್ತೇನೋ? ಹತ್ತನೇದು ಹಿಡಿದರು. ತೊಟ್ಟಿಲು ಬದನೆಕಾಯಿ ಅಂತು. ಗುಂಡು ಒಳಗೊಳಗೇ ಕಲಸಿ, ಡುಬುಕು ಲಿಂಗಿಣಿ ಸೊರಕ್ ಅಂತು. ಪುಟ್ಟ ಬಾಗಿಲು ಮೆಲ್ಲಗೆ ತೆರ್ಕೊಂತು.

ಕಾವು ಹತ್ತಿದ ಮೇಲೆ ಕೂಸು ಮೈ ಮುರಿದು, ದೊರೆ ಮುಖ ನೋಡಿ ದೊಡ್ಡದಾಗಿ ಆಕಳಿಸ್ತಂತೆ. ಊರೋರೆಲ್ಲ ಮುದ್ದಮ್ಮನ ಕಾಲಿಗೆ ಬಿದ್ದರು. ದೊರೆ ಥಳುಕಪ್ಪನಿಗೆ, ಎಂಟು ದಿನದೊಳಗೆ ಊರು ಬಿಡು ಅಂದ.

ಏಯ್, ಮಲಗಿಬಿಟ್ಯಾ? ಹೂಂ ಅನ್ನು. ಕತೆ ಇನ್ನೂ ಇದೆ.

ಥಳುಕಪ್ಪ ಗಂಟುಮೂಟೆ ಕಟ್ಟೋ ಹೊತ್ತಿಗೆ, ಬಾಣಂತನಕ್ಕೆ ಅಂತ ಬಂದಿದ್ದ ಅವನ ಮಗಳಿಗೆ ಏಳು ತಿಂಗಳಿಗೇ ಹೆರಿಗೆ ಆಗೋಯ್ತಂತೆ. ಗಂಡು ಕೂಸು, ಹುಟ್ಟಿದ್ದೇ ನಡುಗೋಕೆ ಶುರು ಮಾಡ್ತು. ಹೂವಾಡಿಗರ ಕೂಸು ಆಗಲೇ ದಪ್ಪಗಾಗಿತ್ತು, ಅವರು ಪಾಪ ತಮ್ಮ ತೊಟ್ಟಿಲನ್ನ ತಂದುಕೊಟ್ಟರು, ಆದ್ರೆ ಗುಂಡು ಮುಗಿದುಹೋಗಿತ್ತು. ಮುದ್ದಮ್ಮನ ಬಾಗಿಲಿಗೆ ಯಾವ ಮುಖ ಹೊತ್ಕೊಂಡು ಹೋಗೋದು? ಥಳುಕಪ್ಪ ತನ್ನದೇ ಒಂದು ಗುಂಡಿನೊಳಗೆ ಕೆಂಡ ತುಂಬಿ ತಂದು ಹಿಡಿದ. ತೊಟ್ಟಿಲು ಒಲೆ ಅಂತು. ತಕಪಿಕ ಜಂಬು. ಊಹೂಂ. ಇನ್ನೊಂದು ಹಿಡಿದ, ಮತ್ತೊಂದು ಹಿಡಿದ, ಊಹೂಂ. ತೊಟ್ಟಿಲನ್ನ ತಬ್ಬಿಕೊಂಡು, ತೆಗಿಯೇ ತಾಯಿ, ನನ್ನ ಮೊಮ್ಮಗ ಕಣೇ, ಇದೊಂದು ಸಲ ತೆಗಿ ಅಂತ ಅತ್ತ. ತೊಟ್ಟಿಲು ಬಾಗಿಲು ತೆಗೀಲಿಲ್ಲ. ಅಷ್ಟರಲ್ಲಿ ಅವನ ಕೈಯಲ್ಲಿದ್ದ ಗುಂಡು ಚಟ್ ಅಂತ ಬಿರುಕು ಬಿಟ್ಟು, ಅಂಗೈ ಸುಟ್ಟು, ಕೆಂಡ ನೆಲಕ್ಕೆ ಚೆಲ್ಲಿತಂತೆ. ಥಳುಕಪ್ಪ ಆ ಕೆಂಡ ನೋಡಿದ, ತೊಟ್ಟಿಲು ನೋಡಿದ. ಬಾಗಿಲು ತೆಗೆದಿದ್ರೆ ಇದು ಕೂಸಿನ ಬೆನ್ನ ಕೆಳಗೆ ಇರ್ತಿತ್ತು.

ಬರಿಗಾಲಲ್ಲಿ ಓಡಿದ. ಮುದ್ದಮ್ಮನ ಮುಂದೆ ನಿಂತು, ನನ್ನ ಮೊಮ್ಮಗ ನಡುಗ್ತಿದಾನೆ ಅಂತ ಸುಟ್ಟ ಕೈ ಮುಂದೆ ಚಾಚಿದ. ಅವಳು ಕೇಳಿದ್ದು ಒಂದೇ, ಕೂಸು ಎಷ್ಟು ತಿಂಗಳದು? ಏಳು ಅಂದ. ಒಂದು ಗುಂಡನ್ನ ಮಡಿಲಿಗೆ ಹಾಕ್ಕೊಂಡು ಅವನಿಗಿಂತ ಮುಂದೆ ಓಡಿದ್ಳಂತೆ ಆ ಮುದುಕಿ. ತೊಟ್ಟಿಲು ಕೇಳ್ತು, ಕಾಳು ಹೇಳ್ತು, ಬಾಗಿಲು ತೆರ್ಕೊಂತು. ಕೂಸಿನ ನಡುಕ ನಿಂತು, ಮುಷ್ಟಿ ಬಿಚ್ಚಿ, ಮಲಗ್ತು. ಥಳುಕಪ್ಪ ಬಿದ್ದದ್ದು ಮುದ್ದಮ್ಮನ ಕಾಲಿಗಲ್ಲ, ತೊಟ್ಟಿಲ ಕಾಲಿಗೆ. ನಾನು ಅಷ್ಟು ಅತ್ತರೂ ನೀನು ನನ್ನ ನಂಬಲಿಲ್ಲವಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ ತಾಯಿ ಅಂದನಂತೆ.

ಆಮೇಲೆ ಮುದ್ದಮ್ಮ ದೊರೆಗೆ ಹೇಳಿ ಅವನನ್ನ ಊರಲ್ಲೇ ಉಳಿಸ್ಕೊಂಡು, ಕಾಳಿನ ಮರಳು ತೊಳೆಯೋ ಕೆಲಸಕ್ಕೆ ಹಾಕಿದ್ಳಂತೆ. ಎಲ್ಲರೂ ಏಳು ಸಲ ತೊಳೆದ್ರೆ ಅವನು ಎಂಟು ಸಲ ತೊಳೀತಿದ್ದನಂತೆ. ಎರಡು ಕೂಸೂ ಬೆಳೆದು, ಒಂದೇ ಬೀದೀಲಿ ಜಗಳ ಆಡ್ಕೊಂಡು ಸುಖವಾಗಿದ್ವು. ಅವರು ಅಲ್ಲಿ ಬೆಚ್ಚಗೆ, ನಾವು ಇಲ್ಲಿ ಬೆಚ್ಚಗೆ, ಕತೆ ಮುಗೀತು, ಕಂಬಳಿ ಒಳಗೆ ಕೈ ಇಟ್ಕೋ.