ಬಿಳಿ ಕೊಂಬೆಯ ಬೀಜ

"ಗುರುಗಳೇ, ನನ್ನ ಮಗು ಯಾರ ಕಡೆಯ ದೋಷದಿಂದ ಹೋಯಿತು?" ಎಂದು ಶಿಷ್ಯ ಕೇಳಿದ.

ಮಗು ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಹೆಂಡತಿಯ ಕಡೆಯಿಂದ ಬಂದದ್ದು ಎಂದು ಅವನ ತಾಯಿ ಹೇಳಿದ್ದಳು. ನಿಮ್ಮ ಕಡೆಯದೇ ಯಾಕಾಗಿರಬಾರದು ಎಂದು ಹೆಂಡತಿಯ ಅಣ್ಣ ಕೇಳಿದ್ದ. ಅದನ್ನು ತಿಳಿಯದೆ ಮನೆಗೆ ಹೋಗುವುದಿಲ್ಲವೆಂದು ಅವನು ಮಠಕ್ಕೆ ಬಂದು ಕೂತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ತೋಟಗಾರನಿದ್ದ. ಅಂದದ ಗಿಡಗಳನ್ನು ಬೆಳೆಸುವುದು ಅವನ ಕಸುಬು. ಅವನ ತೋಟದ ಒಂದು ಸಂಜೆಮಲ್ಲಿಗೆ ಗಿಡದಲ್ಲಿ, ಹಸಿರು ಕೊಂಬೆಗಳ ನಡುವೆ, ಒಂದು ಕೊಂಬೆ ಪೂರ್ತಿ ಬೆಳ್ಳಗೆ ಬೆಳೆಯಿತು. ಎಲೆಯೂ ಬಿಳಿ, ದಂಟೂ ಬಿಳಿ. ನೋಡಿದವರೆಲ್ಲ ಅಂಥದ್ದೇ ಬೇಕೆಂದರು. ಬಿಳಿ ಗಿಡಗಳದೇ ಒಂದು ಪಾತಿ ಮಾಡಬೇಕೆಂದು ತೋಟಗಾರ ಆ ಕೊಂಬೆಯ ಬೀಜ ಆರಿಸಿ ಬಿತ್ತಿದ.

ಮೊಳಕೆಗಳು ಬಂದವು. ಎಲ್ಲವೂ ಬಿಳಿ. ಅವನ ಹೆಂಡತಿ ಬಗ್ಗಿ ನೋಡಿ, "ಹಾಲುಹಲ್ಲಿನ ಹಾಗಿವೆ" ಎಂದಳು. ಕೆಲವೇ ದಿನಗಳಲ್ಲಿ ಅವು ಬಾಗಿದವು, ಮಲಗಿದವು, ಸತ್ತವು.

"ನೀರು ಹೆಚ್ಚು ಹಾಕಿದ್ದೀಯ" ಎಂದ ತೋಟಗಾರ.

"ಅದೇ ಕೊಡದ ನೀರನ್ನ ಪಕ್ಕದ ಪಾತಿಗೂ ಹಾಕಿದ್ದೀನಿ ಕಣ್ರೀ. ಅವು ಮೊಣಕಾಲೆತ್ತರ ಬಂದಿವೆ. ಹೋಗಿ, ಅವಕ್ಕೂ ಬೈದು ಬನ್ನಿ."

ಅವನು ಮಣ್ಣು ಬದಲಿಸಿದ. ಮತ್ತೆ ಬಿತ್ತಿದ. ಮತ್ತೆ ಸತ್ತವು. ಆಗ ಅವನಿಗೆ ಪರಾಗದ ಮೇಲೆ ಅನುಮಾನ ಬಂತು. ಬಿಳಿ ಕೊಂಬೆಯ ಮೊಗ್ಗು ಅರಳುವ ಮುನ್ನವೇ ಬಿಡಿಸಿ, ಅದರ ಕೇಸರ ಕಿತ್ತು, ತೋಟದಲ್ಲೇ ಹೆಚ್ಚು ಹಸಿರಾದ ಗಿಡದ ಪರಾಗ ತಂದು ಸವರಿ, ಬಟ್ಟೆ ಕಟ್ಟಿದ. ಆ ಬೀಜದಿಂದಲೂ ಬಿಳಿ ಮೊಳಕೆಗಳೇ ಬಂದವು. ಅದೇ ಹೊತ್ತಿಗೆ ಬಿಳಿ ಕೊಂಬೆಯ ಪರಾಗವನ್ನು ಹಸಿರು ಗಿಡದ ಹೂವಿಗೂ ಸವರಿದ್ದ. ಆ ಬೀಜಗಳೆಲ್ಲ ಹಸಿರಾಗಿ ಮೊಳೆತು ಚೆನ್ನಾಗಿ ಬೆಳೆದವು.

ಈಗ ಅವನಿಗೆ ತಿಳಿಯಿತು. ಬಿಸಿಲಿನಲ್ಲಿ ಗಿಡದ ಅಡುಗೆ ಮಾಡುವುದು ಎಲೆಯ ಹಸಿರು. ಬಿಳಿ ಎಲೆಯಲ್ಲಿ ಆ ಒಲೆಯೇ ಇಲ್ಲ. ಪಕ್ಕದ ಹಸಿರು ಕೊಂಬೆಗಳು ಉಣಿಸಿದ್ದರಿಂದ ಬಿಳಿ ಕೊಂಬೆ ಬದುಕಿತ್ತು. ಮೊಳಕೆಗೆ ಹಾಗೆ ಉಣಿಸುವವರಿಲ್ಲ. ಬೀಜದೊಳಗೆ ಕಟ್ಟಿಕೊಂಡು ಬಂದ ಬುತ್ತಿ ಮುಗಿದರೆ ಅದೂ ಮುಗಿಯಿತು. ಆ ಹಸಿರನ್ನು ಪರಾಗ ಹೊತ್ತು ತರುವುದಿಲ್ಲ. ಬೀಜ ಕಟ್ಟುವ ಕೊಂಬೆಯೇ, ಎಂದರೆ ತಾಯಿಯೇ, ಕೊಡಬೇಕು.

ಅವನಿಗೆ ಹಗುರವಾಯಿತು. ಹೋಗಿ ಬಿಳಿ ಕೊಂಬೆಯನ್ನು ಕತ್ತರಿಸಿದ. ಅದನ್ನು ಹಿಡಿದುಕೊಂಡೇ ಹೆಂಡತಿಯನ್ನು ಹುಡುಕಿ ಬಂದ.

ಅವಳು ಬಿಳಿ ಕೊಂಬೆಯ ಬೀಜ ಬಿತ್ತಿದ್ದ ಕೊನೆಯ ಪಾತಿಯ ಪಕ್ಕ ಕೂತಿದ್ದಳು. ಉಳಿದ ಬಿಳಿ ಮೊಳಕೆಗಳಿಗೆ ಬಿಸಿಲು ತಾಗದಂತೆ ಸೆರಗು ಹಿಡಿದು, ಅಂಗೈಯಿಂದ ನೀರು ಚಿಮುಕಿಸುತ್ತಿದ್ದಳು.

"ಗೊತ್ತಾಯಿತು ಕಣೇ. ತಪ್ಪು ತಾಯಿ ಕೊಂಬೆಯದು. ಇವು ಏನು ಮಾಡಿದರೂ ಸಾಯುತ್ತವೆ."

"ಗೊತ್ತು."

"ಗೊತ್ತಿದ್ದೂ ನೀರು ಯಾಕೆ?"

"ಇನ್ನೂ ಬದುಕಿವೆಯಲ್ಲ" ಎಂದಳು. ಆಮೇಲೆ ಅವನ ಕೈಯಲ್ಲಿದ್ದ ಕೊಂಬೆಯನ್ನು ನೋಡಿದಳು. ಅದರ ಎಲೆಗಳು ಆಗಲೇ ಜೋತುಬಿದ್ದಿದ್ದವು. "ಇದನ್ನು ಕಡಿದರೆ ಇವು ಉಳಿಯುತ್ತವೆಯೇನ್ರೀ?"

ತೋಟಗಾರ ಕೊಂಬೆಯನ್ನು ಕೆಳಗಿಟ್ಟು ಅವಳ ಪಕ್ಕ ಕೂತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ:

"ಹಾಗಾದರೆ ನನ್ನ ತಾಯಿ ಹೇಳಿದ್ದೇ ನಿಜವೇ, ಗುರುಗಳೇ?"

"ನೀನು ಇಲ್ಲಿ ಕೂತಿದ್ದೀಯ, ಮನೆಯಲ್ಲಿ ಆ ಹೆಣ್ಣುಮಗಳ ಪಕ್ಕ ಯಾರು ಕೂತಿದ್ದಾರಪ್ಪ?" ಎಂದರು ಗುರುಗಳು.